ಡಬ್ಬಿಯ ಮುಚ್ಚಳದ ವಿಭೂತಿ

ಆ ಕಂಬದ ಮುಂದೆ ನಾನು ಮೊದಲ ಸಲ ನಿಂತದ್ದು ಸುಮಾರು ನಲವತ್ತು ನಿಮಿಷ. ಆ ನಲವತ್ತು ನಿಮಿಷದ ವಿವರವನ್ನು ಆಮೇಲೆ ಎಷ್ಟು ಮಂದಿಗೆ ಹೇಳಬೇಕಾಯಿತೆಂದರೆ, ಈಗ ನೆನಪಿನಲ್ಲಿರುವುದು ನಡೆದದ್ದೋ, ಹೇಳಿ ಹೇಳಿ ಕೂತದ್ದೋ ಎಂದು ಕೆಲವು ಸಲ ಅನುಮಾನವಾಗುತ್ತದೆ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ತೆಲಂಗಾಣದ ಗಡಿಯ ಕೃಷ್ಣಾ ಮಂಡಲದಲ್ಲಿ ಹೊಳೆದಂಡೆಗೆ ಕನ್ನಡ ಮಾತಾಡುವ ಒಂದು ಹಳ್ಳಿ ಇದೆ. ಊರು ದಿಬ್ಬದ ಮೇಲೆ, ಹೊಳೆಯಿಂದ ಸುಮಾರು ಎರಡು ಕಿಲೋಮೀಟರು ದೂರ. ಹೊಳೆಯ ಪಕ್ಕದ ಕಟ್ಟಕಡೆಯ ಹೊಲದ ಬದುವಿನಲ್ಲಿ ಒಂದು ಕಬ್ಬಿಣದ ಕಂಬ, ಅದರ ತುದಿಗೆ ಸೈರನ್. ದಂಡೆಯುದ್ದಕ್ಕೂ ಇಂಥ ಹನ್ನೊಂದು ಕಂಬಗಳಿವೆ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಗದ್ವಾಲದ ಒಂದು ಕೋಣೆಗೆ ಫೋನ್ ಬರುತ್ತದೆ. ಅಲ್ಲಿ ಕೂತವರು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಕಂಬಗಳು ಕೂಗುತ್ತವೆ. ಬೇಸಿಗೆಯಿಂದ ಹೊಳೆಯೊಳಗಿನ ಹಾಸುಬಂಡೆಗಳ ಮೇಲೆ ಮೋಟಾರು ಕೂಡಿಸಿ ನೀರೆತ್ತುತ್ತಿದ್ದ ರೈತರು ಆ ಕೂಗು ಕೇಳಿ ಓಡಿ ಬರುತ್ತಾರೆ. ಹಗ್ಗ, ಬಿದಿರುಗಳನ್ನು ತಂದು ಒಬ್ಬರ ಮೋಟಾರನ್ನು ನಾಲ್ಕು ಜನ ಸೇರಿ ಎತ್ತಿ ದಂಡೆಗೆ ಹಾಕಿ, ಆಮೇಲೆ ಇನ್ನೊಬ್ಬರದಕ್ಕೆ ಹೋಗುತ್ತಾರೆ. ಸೈರನ್ ಕೂಗಿದರೆ ಹೊಳೆಗೆ ಯಾರೂ ಒಬ್ಬರೇ ಇಳಿಯುವುದಿಲ್ಲ. ಅದು ಆ ಊರಿನ ರೀತಿ.

ಈ ಕಂಬಗಳನ್ನು ನಡೆಸುವ ಗುತ್ತಿಗೆಯವರ ಹತ್ತಿರ ನಾನು ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಮನೆ ನಾರಾಯಣಪೇಟೆಯಲ್ಲಿ. ಮನೆಯಲ್ಲಿ ಮಗ್ಗವಿದೆ, ಅಪ್ಪ ನೇಯುತ್ತಾರೆ. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅಮ್ಮ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುವುದನ್ನು ನೋಡುತ್ತ ಬೆಳೆದವಳು ನಾನು. ಸಾವಿರಾರು ಎಳೆ. ಎಲ್ಲ ಸೇರಿಸಿದ ಮೇಲೆ ಅಮ್ಮ ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡುತ್ತಾಳೆ. ಎಳೆದಾಗ ಬಿಟ್ಟುಕೊಂಡದ್ದು ಕಾಣುತ್ತದೆ. ಎಳೆದು ನೋಡದೆ ಅವಳು ಎದ್ದದ್ದನ್ನು ನಾನು ಕಂಡಿಲ್ಲ.

ನನ್ನ ಕೆಲಸವೂ ಆ ವರ್ಷ ಹೆಚ್ಚುಕಡಿಮೆ ಅದೇ ಆಗಿತ್ತು. ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಹಳೆಯ ಬಗೆಯ ವಿಳಾಸಗಳು, ಚುಕ್ಕೆ ಇಟ್ಟು ಬರೆಯುವ ನಾಲ್ಕು ಸಂಖ್ಯೆಗಳವು, ಮುಗಿದುಹೋಗಿವೆ. ಹೊಸ ಬಗೆಯವು ಉದ್ದ, ಅಂಕಿಯ ಜೊತೆ ಅಕ್ಷರಗಳೂ ಇರುತ್ತವೆ. ನಮಗೆ ಲೈನು ಕೊಡುವವರು ಇನ್ನು ಮುಂದೆ ಹೊಸ ವಿಳಾಸ ಮಾತ್ರ ಎಂದರು. ಆದರೆ ಕಂಬದ ಸೈರನ್ ಯಂತ್ರ ಹಳೆಯದು. ಅದಕ್ಕೆ ಹಳೆಯ ವಿಳಾಸ ಬಿಟ್ಟು ಬೇರೆ ತಿಳಿಯದು. ಹಾಗಾಗಿ ಪ್ರತಿ ಕಂಬದ ಡಬ್ಬಿಯಲ್ಲೂ ಒಂದು ಪುಟ್ಟ ರೌಟರ್ ಕೂಡಿಸಿ, ಅದಕ್ಕೆ ಹೊಸ ವಿಳಾಸ ಕೊಟ್ಟು, 'ಇಲ್ಲಿಗೆ ಬಂದ ಮಾತನ್ನು ಒಳಗಿನ ಇಂಥ ಹಳೆಯ ಸಂಖ್ಯೆಗೆ ದಾಟಿಸು' ಎಂದು ಒಂದು ಸಾಲು ಬರೆಯಬೇಕು. ಒಂದು ಕಂಬಕ್ಕೆ ಒಂದು ಸಾಲು. ಇಷ್ಟೇ ಕೆಲಸ.

ನನ್ನ ಜೊತೆ ಬರುತ್ತಿದ್ದವರು ಕಂಬ ಹತ್ತುವ ಲೈನ್‌ಮನ್, ಐವತ್ತು ದಾಟಿದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಆ ಕಂಬದ ಹತ್ತಿರ ನಾವು ಹೋದದ್ದು ಮಣ್ಣೆತ್ತಿನ ಅಮವಾಸ್ಯೆಗೆ ಒಂಬತ್ತು ದಿನ ಮೊದಲು, ಬೆಳಿಗ್ಗೆ. ಪಕ್ಕದ ಹೊಲದ ರೈತ ಸಸಿಮಡಿಗೆ ನೀರು ಕಟ್ಟುತ್ತಿದ್ದವನು ಕೈ ಒರೆಸಿಕೊಂಡು ಬಂದ. ನಲವತ್ತೈದರ ಆಸುಪಾಸು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

"ಏನ್ ಕಾಕಾ, ಕಂಬ ಕಿತ್ಗೊಂಡ್ ಹೋಗಾಕ ಬಂದೀರೇನು?"

"ಕಂಬ ಇಲ್ಲೇ ಇರ್ತೈತೋ ಮಾರಾಯ. ಅದರ ನಂಬರ್ ಬದಲಿ ಮಾಡಾಕ ಈ ಮೇಡಂ ಬಂದಾರ."

"ನಂಬರ್ ಯಾಕ ಬದಲಿ? ಹೆಣ್ಣಿನ ಕಡೇರು ಫೋನ್ ಮಾಡಿ ಕಾಡಾಕತ್ತಾರೇನು ಇದಕ್ಕ?"

ಬದುವಿನ ಆಚೆ ಮೋಟಾರಿನ ಸ್ಟಾರ್ಟರ್ ಡಬ್ಬಿಯ ಹತ್ತಿರ ಅವನ ಹೆಂಡತಿ ನಿಂತಿದ್ದಳು. ಅಲ್ಲಿಂದಲೇ ಅಂದಳು: "ಆ ಕಂಬಕ್ಕ ಮಾಡೋ ಉಪಚಾರ ಮನ್ಯಾಗಿನ ಎತ್ತಿಗೆ ಮಾಡಿದ್ರ ಅವು ಇನ್ನೆರಡು ಸಾಲು ಹೆಚ್ಚಿಗಿ ಹೊಡೀತಿದ್ವು."

"ಎತ್ತು ಹೊಳಿ ಬಂತಂತ ಹೇಳ್ತಾವೇನು?"

"ಅವು ಹೇಳಿದ್ರೂ ನೀ ಕೇಳಂಗಿಲ್ಲ. ಕಂಬ ಹೇಳಬೇಕು ನಿನಗ."

ಊರಿನವರು ಅವನನ್ನು ಕಂಬದ ಪೂಜಾರಿ ಎಂದು ಚುಡಾಯಿಸುತ್ತಿದ್ದರಂತೆ. ಡಬ್ಬಿಯ ಒಂದು ಕೀಲಿಯನ್ನು ಕಾಕಾ ಅವನ ಹತ್ತಿರವೇ ಬಿಟ್ಟಿದ್ದರು. ಅಮವಾಸ್ಯೆಗೆ ಆ ಕಡೆ ಎತ್ತು ಹೂಡುವುದಿಲ್ಲ, ಜನ ಮನೆಯಲ್ಲಿರುತ್ತಾರೆ. ಸೈರನ್ ಪರೀಕ್ಷೆ ಮಾಡುವುದೂ ಅವತ್ತೇ. ಅವನು ಸ್ನಾನ ಮಾಡಿ ಬಂದು ಡಬ್ಬಿ ತೆರೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಒಳಗಿನ ಕೆಂಪು ಗುಂಡಿಯನ್ನು ತಾನೇ ಒತ್ತುತ್ತಿದ್ದ. ಆ ಗುಂಡಿಯ ತಂತಿ ನೇರ ಸೈರನ್ನಿಗೆ, ಗದ್ವಾಲದ ಲೈನು ಅದಕ್ಕೆ ಬೇಕಿಲ್ಲ. ಕಂಬ ಕೂಗುತ್ತಿತ್ತು. ಊರಿನ ಹುಡುಗರು ದಿಬ್ಬದ ಮೇಲಿಂದ ಕೂಗಿ ಉತ್ತರ ಕೊಡುತ್ತಿದ್ದರು. ಅವತ್ತಿನ ಕೂಗಿಗೆ ಯಾರೂ ಹೊಳೆಗೆ ಓಡುವುದಿಲ್ಲ. ಬೇರೆ ದಿನ ಕೂಗಿದರೆ ನೀರು ಬಂತೆಂದೇ ಅರ್ಥ.

ನಾನು ಡಬ್ಬಿ ತೆರೆದೆ. ಹೊರಗೆ ಹಚ್ಚಿದರೆ ಮಳೆಗೆ ತೊಳೆದುಹೋಗುತ್ತದೆಂದು ಅವನು ವಿಭೂತಿಯನ್ನು ಮುಚ್ಚಳದ ಒಳಮೈಗೆ ಹಚ್ಚುತ್ತಿದ್ದ. ಅಮವಾಸ್ಯೆಯಿಂದ ಅಮವಾಸ್ಯೆಗೆ ಒಂದರ ಮೇಲೊಂದು ಪದರವಾಗಿ ಅದು ಗೋಡೆಗೆ ಬಳಿದ ಸುಣ್ಣದಷ್ಟು ದಪ್ಪವಾಗಿತ್ತು. ಅದರ ಅಡಿಯಲ್ಲಿ ಒಂದು ಚೀಟಿ ಅಂಟಿಸಿದ್ದು ಗೊತ್ತಾಗುತ್ತಿತ್ತು. ಸೈರನ್ ಯಂತ್ರದ ಹಳೆಯ ಸಂಖ್ಯೆ ಅದರಲ್ಲಿರುತ್ತದೆ. ನಾನು ಚೀಲದಿಂದ ಒರೆಸುವ ಬಟ್ಟೆ ತೆಗೆದೆ.

"ಒರಸಬ್ಯಾಡ ತಂಗಿ," ಎಂದರು ಕಾಕಾ, ಅವನಿಗೆ ಕೇಳದಂತೆ. "ಆತ ಮನಸಿಗೆ ಹಚ್ಕೊಂತಾನ. ಲಿಸ್ಟಿನ್ಯಾಗ ಐತಲ್ಲ ನಂಬರು."

ಲಿಸ್ಟಿನಲ್ಲಿ ಇತ್ತು. ಗದ್ವಾಲದಿಂದ ತಂದ ಹಾಳೆಯಲ್ಲಿ ಹನ್ನೊಂದೂ ಕಂಬಗಳ ಸಂಖ್ಯೆಗಳು ಸಾಲಾಗಿ ಇದ್ದವು. ಬಟ್ಟೆ ಎಣ್ಣೆ ಮೆತ್ತಿದ್ದು, ಇನ್ನೊಬ್ಬರು ಕೈಮುಗಿದು ಹಚ್ಚಿದ ವಿಭೂತಿಯನ್ನು ಅದರಿಂದ ಒರೆಸಲು ನನಗೂ ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲೂ ವಿಭೂತಿ ಹಚ್ಚುತ್ತಾರೆ. ಕಾಕಾ ಬೇಡ ಎಂದದ್ದು ನಿಜ. ಆದರೆ ಅವರು ನನ್ನ ಕೈ ಹಿಡಿದಿರಲಿಲ್ಲ. ಬಟ್ಟೆಯನ್ನು ಚೀಲಕ್ಕೆ ಹಾಕಿದವಳು ನಾನು. ಹಾಳೆ ನೋಡಿ ಸಂಖ್ಯೆ ಹೊಡೆದೆ.

ಆಮೇಲೆ, "ಒಮ್ಮೆ ಗದ್ವಾಲದಿಂದ ಕೂಗಿಸಿ ನೋಡಬೇಕು" ಎಂದೆ.

ಅವನ ಮುಖದ ನಗು ಹೋಯಿತು. "ಇವತ್ತ ಬ್ಯಾಡ್ರಿ ಮೇಡಂ. ಅಮಾಸಿ ಅಲ್ಲ. ಹೋದ ವರ್ಷ ಹಿಂಗ ಯಾರೋ ನಡುವ ಕೂಗಿಸಿದ್ರು. ಮಂದಿ ಕೈಯಾಗಿಂದು ಬಿಟ್ಟು ಓಡಿ ಬಂದ್ರು. ಒಬ್ಬಾಕಿ ಒಡ್ಡಿನ ಮ್ಯಾಲಿಂದ ಬಿದ್ದು ಕೈ ಮುರ್ಕೊಂಡ್ಲು. ಸುಳ್ಳ ಕೂಗಿಸಿದ್ರ ನಾಳೆ ಖರೇ ಕೂಗಿದಾಗ ಯಾರು ಬರ್ತಾರ ಹೇಳ್ರಿ?"

ಅವನ ಮಾತು ಸರಿ ಎನ್ನಿಸಿತು. ಈಗಲೂ ಸರಿ ಎನ್ನಿಸುತ್ತದೆ. ನಾನು ಗದ್ವಾಲದ ಕೋಣೆಗೆ ಫೋನ್ ಮಾಡಿ, ಕಂಬದ ಹೊಸ ವಿಳಾಸಕ್ಕೆ ಒಂದು ಕರೆ ಕಳಿಸಿ ನೋಡಲು ಹೇಳಿದೆ. ಕೂಗಿಸುವ ಕರೆಯಲ್ಲ, ಇದ್ದೀಯಾ ಎಂದು ಕೇಳುವ ಕರೆ. ಪರದೆಯ ಮೇಲೆ ಹಸಿರು ಚುಕ್ಕೆ ಬಂತು ಎಂದರು. ಮುಂಚೆ ಹಸಿರು ಬಂದರೆ ಸೈರನ್ ಯಂತ್ರವೇ ಉತ್ತರ ಕೊಟ್ಟಿದೆ ಎಂದಾಗಿತ್ತು. ಈಗ ಉತ್ತರ ಕೊಟ್ಟದ್ದು ಅದರ ಮುಂದೆ ನಾನೇ ಕೂಡಿಸಿದ್ದ ರೌಟರ್. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಅಮವಾಸ್ಯೆಗೆ ಹೇಗೂ ಕೂಗಿಸುತ್ತಾರಲ್ಲ, ಅವತ್ತು ಗದ್ವಾಲದಿಂದ ಒತ್ತಿಸಿದರಾಯಿತು ಎಂದುಕೊಂಡೆ. ಅವನ ಹೆಂಡತಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಕೊಟ್ಟಳು. ಬದುವಿನ ಮೇಲೆ ಕೂತು ತಿಂದೆವು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆವು.

ಅಮವಾಸ್ಯೆಯ ದಿನ ನನ್ನನ್ನು ಮಕ್ತಲದ ಒಂದು ಕಚೇರಿಗೆ ಕಳಿಸಿದ್ದರು. ಅಲ್ಲಿಯೂ ಇದೇ ವಿಳಾಸ ಬದಲಿಸುವ ಕೆಲಸ. ಹನ್ನೊಂದು ಗಂಟೆಗೆ ಕಾಕಾನ ಫೋನ್ ಬಂತು. ಹಿಂದೆ ಸೈರನ್ ಕೂಗುತ್ತಿತ್ತು, ಯಾರೋ ನಗುತ್ತಿದ್ದರು.

"ಕೂಗಾಕತ್ತೈತಿ, ಕೇಳಸ್ತೈತೇನ್ ತಂಗಿ?"

"ಕೇಳಸ್ತೈತಿ ಕಾಕಾ."

ಎಲ್ಲಿಂದ ಒತ್ತಿದಿರಿ ಎಂದು ನಾನು ಕೇಳಲಿಲ್ಲ. ಮೇಜಿನ ಮೇಲಿನ ಹಾಳೆಯಲ್ಲಿ ಆ ಕಂಬದ ಮುಂದೆ ಸರಿ ಗುರುತು ಹಾಕಿದೆ. ಮಣ್ಣೆತ್ತಿನ ಅಮವಾಸ್ಯೆಯಂದು ಅವನು ಮಿಂದು ಬಂದು, ಕಾಯಿ ಒಡೆದು, ಗುಂಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾನೆಯೇ? ಅದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಎಂದೇ ಬರೆಯಬೇಕು. ಕೂಗಿನ ಸದ್ದು ಕಿವಿಗೆ ಬಿದ್ದ ಮೇಲೆ ಕೇಳಬೇಕೆನ್ನಿಸಲಿಲ್ಲ, ಅಷ್ಟೇ.

ನಾಗರ ಅಮವಾಸ್ಯೆಗೆ ಇನ್ನೂ ಆರು ದಿನ ಇದ್ದಾಗ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು. ಗದ್ವಾಲದಲ್ಲಿ ಗುಂಡಿ ಒತ್ತಿದರು. ಹನ್ನೊಂದು ಚುಕ್ಕೆಗಳೂ ಹಸಿರಾದವು. ಹತ್ತು ಕಂಬಗಳು ಕೂಗಿದವು.

ನಾನು ಅವತ್ತು ನಾರಾಯಣಪೇಟೆಯಲ್ಲಿ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಕಾಕಾ ಫೋನ್ ಮಾಡಿದರು. ಕಂಬದ ಪೂಜಾರಿ ಹೊಳೆಯಲ್ಲಿ ಹೋದ ಎಂದರು. ಹೋದ ಎಂದರೆ ಏನು ಎಂದು ಕೇಳಿದೆ. "ಮೋಟಾರಿನ ಹತ್ರ ಇದ್ದನಂತ. ನೀರು ಬಂತಂತ," ಎಂದರು. ದೇಹ ಸಿಕ್ಕಿದ್ದು ಮೂರನೆಯ ದಿನ, ಕೆಳಗೆ ಜಾಲಿಯ ಗಿಡಗಳಲ್ಲಿ.

ಊರಿನಲ್ಲಿ ಮಾತು ಬೇರೆ ರೀತಿ ಬೆಳೆಯಿತು. ಉಳಿದವರ ನಾಟಿ ಮುಗಿದು ಅವರ ಮೋಟಾರುಗಳು ವಾರದ ಹಿಂದೆಯೇ ದಂಡೆಗೆ ಬಂದಿದ್ದವು. ಹೊಳೆಯಲ್ಲಿ ಉಳಿದದ್ದು ಅವನದೊಂದೇ. ಹಾಗಾಗಿ ಅವತ್ತು ಹೊಳೆಯ ಹತ್ತಿರ ಗಂಡ ಹೆಂಡತಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಊರಲ್ಲಿ ಗಾಳಿ ಜೋರಾಗಿತ್ತು, ಬೋರಿನ ನೀರಿನ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ಕೆಸರು ಹೊಡೆಯುತ್ತಿದ್ದವು. ಸೈರನ್ ಕೇಳಿತೇ ಎಂದರೆ ಕೇಳಿತೆಂದೂ ಇಲ್ಲವೆಂದೂ ಯಾರಿಂದಲೂ ಹೇಳಲಾಗಲಿಲ್ಲ. ಅಮವಾಸ್ಯೆಗೆ ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಗದ್ವಾಲದ ಕಂಪ್ಯೂಟರು ಕೂಗಿದೆ ಎನ್ನುತ್ತಿತ್ತು. ಆದ್ದರಿಂದ ಕೂಗಿದೆ ಎಂದಾಯಿತು. ಕೂಗಿದ ಮೇಲೂ ಅವನು ಮೋಟಾರಿನ ಆಸೆಗೆ ಒಬ್ಬನೇ ಇಳಿದ ಎಂದಾಯಿತು. ಹಾಗೆ ಹೋದವರು ಆ ದಂಡೆಯಲ್ಲಿ ಹಿಂದೆಯೂ ಇದ್ದಾರೆ. ಜನಕ್ಕೆ ನಂಬಲು ಕಷ್ಟವಾಗಲಿಲ್ಲ. ಕಂಬಕ್ಕೆ ಪೂಜೆ ಮಾಡುವವನೇ ಕಂಬದ ಮಾತು ಕೇಳಲಿಲ್ಲ ನೋಡು ಎಂದು ಚಹಾದಂಗಡಿಯಲ್ಲಿ ಯಾರೋ ಅಂದದ್ದನ್ನು ನಾನೇ ಕೇಳಿದೆ.

ಅವನ ಹೆಂಡತಿ ಮಾತ್ರ ಕೂಗಲಿಲ್ಲ ಎನ್ನುತ್ತಿದ್ದಳು. ಪಂಚನಾಮೆಗೆ ಬಂದವರಿಗೂ ಅದನ್ನೇ ಹೇಳಿದಳು. ಅವರು ಬರೆದುಕೊಂಡರು. ಗಂಡನನ್ನು ಕಣ್ಣೆದುರು ಕಳೆದುಕೊಂಡವಳಿಗೆ ಏನು ಕೇಳಿತು, ಏನು ಕೇಳಲಿಲ್ಲ ಎಂಬುದು ಹೇಗೆ ಗೊತ್ತಾಗಬೇಕು ಎಂದು ಕರುಣೆಯಿಂದಲೇ ಮಾತಾಡಿಕೊಂಡರು.

ಐದನೆಯ ದಿನ ನಾನೂ ಕಾಕಾನೂ ಕಂಬದ ಹತ್ತಿರ ಹೋದೆವು. ಯಾರೂ ಕಳಿಸಿರಲಿಲ್ಲ. ಹೊಳೆ ಕೆಂಪಗೆ ದಂಡೆ ಮುಟ್ಟಿ ಹರಿಯುತ್ತಿತ್ತು, ಬಂಡೆಗಳು ಕಾಣುತ್ತಿರಲಿಲ್ಲ. ನಾನು ಊರ ಹಿರಿಯರಿಗೆ ಮೊದಲೇ ಹೇಳಿ, ಗದ್ವಾಲಕ್ಕೆ ಫೋನ್ ಮಾಡಿ ಈ ಕಂಬದ್ದೊಂದನ್ನೇ ಒತ್ತಲು ಹೇಳಿದೆ. ಒತ್ತಿದೆವು ಎಂದರು. ಹಸಿರು ಬಂತು ಎಂದರು. ಕಂಬ ಸುಮ್ಮನೆ ನಿಂತಿತ್ತು. ಇನ್ನೊಮ್ಮೆ ಒತ್ತಿಸಿದೆ. ಕಾಕಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

ಡಬ್ಬಿ ತೆರೆದೆ. ಮುಚ್ಚಳದಲ್ಲಿ ಅಮವಾಸ್ಯೆಯ ಹೊಸ ಪದರ ಬೆಳ್ಳಗೆ ಇತ್ತು. ಅವನ ಮೂರು ಬೆರಳುಗಳ ಗೆರೆ ಬೇರೆ ಬೇರೆಯಾಗಿ ಕಾಣುತ್ತಿತ್ತು. ಹೆಬ್ಬೆರಳಿನಿಂದ ಚೀಟಿ ಇದ್ದಷ್ಟು ಜಾಗವನ್ನು ಮಾತ್ರ ತಿಕ್ಕಿದೆ. ಸಂಖ್ಯೆ ಬಂತು. ಹಾಳೆಯಲ್ಲಿದ್ದ ಸಂಖ್ಯೆಯಲ್ಲ ಅದು.

ಕಾಕಾ ಎದ್ದು ಬಂದು ನೋಡಿದರು. ತಮ್ಮದೇ ಅಕ್ಷರ. ಹಿಂದಿನ ಮಳೆಗಾಲದಲ್ಲಿ ಸಿಡಿಲು ಬಡಿದು ಸೈರನ್ ಯಂತ್ರ ಸುಟ್ಟಿತ್ತು. ಹೊಸದು ತಂದು ಹಾಕಿದವರು ಅವರೇ. ಹೊಸದಕ್ಕೆ ಬೇರೆ ಸಂಖ್ಯೆ ಇಟ್ಟು, ಚೀಟಿ ಬರೆದು ಅಂಟಿಸಿ, ಗದ್ವಾಲಕ್ಕೆ ಫೋನಿನಲ್ಲಿ ಹೇಳಿದ್ದರು. ಅವರು ಕಂಪ್ಯೂಟರಿನಲ್ಲಿ ತಿದ್ದಿಕೊಂಡಿದ್ದರು, ಹಾಳೆಯಲ್ಲಿ ಯಾರೂ ತಿದ್ದಿರಲಿಲ್ಲ. ನಾನು ಬರೆದ ಸಾಲು ಸುಟ್ಟುಹೋದ ಯಂತ್ರದ ಸಂಖ್ಯೆಗೆ ಮಾತು ದಾಟಿಸುತ್ತ ಕೂತಿತ್ತು.

"ನನಗ ಮರ್ತಿತ್ತು ತಂಗಿ," ಎಂದರು. "ದೇವರಾಣಿ ಮರ್ತಿತ್ತು."

ಸಂಖ್ಯೆ ತಿದ್ದಲು ಒಂದು ನಿಮಿಷವೂ ಬೇಕಾಗಲಿಲ್ಲ. ಮತ್ತೆ ಒತ್ತಿಸಿದೆ. ಕಂಬ ಕೂಗಿತು. ಅಷ್ಟು ಹತ್ತಿರದಿಂದ ಅದರ ಕೂಗನ್ನು ನಾನು ಕೇಳಿರಲಿಲ್ಲ, ಎದೆಗೂಡಿನೊಳಗೆ ಅದುರುತ್ತದೆ. ಎರಡು ಕಿಲೋಮೀಟರು ಆಚೆ ಊರಿನ ಮನೆಯಲ್ಲಿ ಅವನ ಹೆಂಡತಿಯೂ ಅದನ್ನು ಕೇಳಿದಳೆಂದು ಆಮೇಲೆ ತಿಳಿಯಿತು.

ಮರುದಿನ ಗದ್ವಾಲದಲ್ಲಿ ನಮ್ಮ ಮೇಲಿನ ಇಂಜಿನಿಯರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯ ಮನುಷ್ಯ. ಮೊದಲು, "ಸಿಸ್ಟಂಲೋ ಗ್ರೀನ್ ಉಂದಿ ಕದಮ್ಮಾ" ಎಂದರು, ಸಿಸ್ಟಮ್ಮಿನಲ್ಲಿ ಹಸಿರಿದೆಯಲ್ಲ, ಅಷ್ಟು ಸಾಕಲ್ಲ ಎನ್ನುವ ಧಾಟಿಯಲ್ಲಿ. ಹಸಿರು ಯಾಕೆ ಬಂತೆಂದು ವಿವರಿಸಿದೆ. ಆಮೇಲೆ, ಹಾಗಾದರೆ ವಿಭೂತಿ ಹಚ್ಚಿದ್ದರಿಂದ ಸಂಖ್ಯೆ ಕಾಣಲಿಲ್ಲ ಎಂದು ಬರೆ ಎಂದರು. ಡಬ್ಬಿಯೊಳಗೆ ಏನೂ ಹಚ್ಚಬಾರದೆಂಬ ನಿಯಮವಿದೆ, ಹಚ್ಚಿದವನು ಅವನೇ, ಈಗ ಅವನಿಗೆ ಯಾರೂ ಏನೂ ಮಾಡಲಾಗದು, ನಿನ್ನ ಕೆಲಸ ಉಳಿಯುತ್ತದೆ, ಕಾಕಾನದೂ ಉಳಿಯುತ್ತದೆ ಎಂದರು. ಇದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮೋಟಾರಿನ ಆಸೆಗೆ ಸತ್ತ ಎನ್ನುವ ಬದಲು ತಾನೇ ಸೈರನ್ ಕೆಡಿಸಿಕೊಂಡು ಸತ್ತ ಎಂದಾಗುತ್ತಿತ್ತು.

ಬಯಾನು, ಅಂದರೆ ನನ್ನ ಹೇಳಿಕೆ, ಬರೆಯಲು ಎರಡು ದಿನ ಕೊಟ್ಟರು. ನಾನು ಮೊದಲು ಅವಳ ಮನೆಗೆ ಹೋದೆ.

ಮನೆಯಲ್ಲಿ ನೆಂಟರಿದ್ದರು. ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳ ಎದುರಿಗೆ ಹೋದೆ. ಕೂತೆ.

"ಮೊನ್ನಿ ಕೂಗಿತು," ಎಂದಳು.

"ಹೌದ್ರಿ ಅಕ್ಕಾ. ನಾ ಕೂಗಿಸಿದ್ದೆ."

"ಅವತ್ತ?"

"ಅವತ್ತ ಕೂಗಿಲ್ಲ."

ಯಾಕೆ ಕೂಗಲಿಲ್ಲವೆಂದು ಹೇಳಿದೆ. ಹಾಳೆಯ ಸಂಖ್ಯೆ, ಚೀಟಿಯ ಸಂಖ್ಯೆ, ಹಸಿರು ಚುಕ್ಕೆ, ಅಮವಾಸ್ಯೆಗೆ ನಾನು ಕೇಳದೆ ಬಿಟ್ಟ ಪ್ರಶ್ನೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ವಿಭೂತಿ ಹಚ್ಚಿದ್ದಕ್ಕ ಆತು ಅಂತ ನಿಮ್ಮ ಲೈನ್‌ಮನ್ ಹೇಳಿ ಹೋದ. ಅಳಾಕತ್ತಿದ್ದ. ಖರೇ ಏನು?"

ಕಾಕಾ ನನಗಿಂತ ಮೊದಲೇ ಬಂದು ಹೋಗಿದ್ದು ನನಗೆ ಗೊತ್ತಿರಲಿಲ್ಲ.

"ವಿಭೂತಿ ಅಡ್ಡ ಇತ್ತು, ಅದು ಖರೇ. ಒರಸೋದು ನನ್ನ ಕೆಲಸ ಇತ್ತು. ಕೈಯಾಗ ಅರಬಿ ಹಿಡಿದೂ ಒರಸದ ಬಿಟ್ಟೆ. ಒರಸಿದ್ರ ಕಾಣಸ್ತಿತ್ತು. ಮೊನ್ನಿ ಬರೇ ಹೆಬ್ಬಟ್ಟಿಲೆ ತಿಕ್ಕಿದೆ, ಕಾಣಸ್ತು."

"ಯಾಕ ಒರಸಲಿಲ್ಲ?"

"ಅಣ್ಣಗ ಬ್ಯಾಸರಾದೀತು ಅಂತ."

ಅವಳು ಒಂದು ಥರ ನಕ್ಕಳು. ಆ ನಗುವನ್ನು ನಾನು ವಿವರಿಸಲಾರೆ. "ಬ್ಯಾಸರೇನ್ ಆಗ್ತಿತ್ತು ಅವಗ. ಮತ್ತ ಹಚ್ತಿದ್ದ."

ಒಳಗಿನಿಂದ ಯಾರೋ ನೀರು ತಂದಿಟ್ಟರು. ನಾನು ಎದ್ದು ಬರೆದುಕೊಡುತ್ತೇನೆ ಎಂದೆ. ಕೂಗಲಿಲ್ಲ ಎಂದು, ಒರೆಸದೆ ಬಿಟ್ಟವಳು ನಾನು ಎಂದು ಬರೆಯುತ್ತೇನೆ ಎಂದೆ. ಅವಳು ಕೂತಲ್ಲಿಂದಲೇ ನನ್ನ ಸೆರಗಿನ ತುದಿ ಹಿಡಿದಳು. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವಳು ಆಗ ಏಕವಚನಕ್ಕೆ ಇಳಿದಳು.

"ಕುಂಡ್ರು. ನಂದೂ ಐತಿ."

ಅವಳು ಹೇಳಿದ್ದನ್ನು ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಪೈಪಿನಲ್ಲಿ ನೀರು ಸಣ್ಣದಾಗಿ ಬರುತ್ತಿತ್ತು. ಮೋಟಾರಿನ ಬಾಯಿಗೆ ಪಾಚಿ ಕಟ್ಟಿರಬೇಕೆಂದು ಅವನು ಮೊಣಕಾಲಷ್ಟು ನೀರಿನ ಕವಲು ದಾಟಿ ಬಂಡೆಯ ಹತ್ತಿರ ಹೋಗಿದ್ದ. ಅವಳು ದಂಡೆಯಲ್ಲಿ ಸ್ಟಾರ್ಟರ್ ಬಳಿ. ಅವನು ಬಗ್ಗಿ ಪಾಚಿ ಬಿಡಿಸಿ ಕೈ ಎತ್ತಿದರೆ ಅವಳು ಚಾಲೂ ಮಾಡಬೇಕು, ಯಾವಾಗಲೂ ಹಾಗೇ. ನೀರಿನ ಬಣ್ಣ ತಿರುಗಿದ್ದು ಅವಳಿಗೆ ಕಂಡಿತು. ಆದರೆ ಕಂಬ ಕೂಗಿರಲಿಲ್ಲ. ಮೇಲೆಲ್ಲೋ ಮಳೆಯಾಗಿರಬೇಕು ಎಂದುಕೊಂಡಳು.

"ಅವಾ ಕೈ ಎತ್ತಿದ. ನಾ ಚಾಲೂ ಮಾಡಂತಾನ ಅಂತ ಒತ್ತಿದೆ. ಮೋಟಾರ್ ಎದ್ದಿತು, ಪೈಪಿನ್ಯಾಗ ನೀರು ಬಂತು. ನಾ ನೀರು ನೋಡಿದೆ, ಅವನ್ನ ನೋಡಲಿಲ್ಲ. ಮತ್ತ ತಿರುಗಿ ನೋಡಿದ್ರ ಬಂಡೆಗಲ್ಲಿನ ಮ್ಯಾಲ ಯಾರೂ ಇಲ್ಲ." ಮತ್ತೆ ಅಂದಳು: "ನನ್ನ ಕರಿಯಾಕ ಎತ್ತಿದ್ನೇನೋ."

ಅದು ಯಾರಿಗೂ ಗೊತ್ತಾಗುವ ಹಾಗಿಲ್ಲ ಎಂದೆ. ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಪಂಚನಾಮಿಯೋರು ಬಂದಾಗ ಸ್ಟಾರ್ಟರ್ ಚಾಲೂ ಇತ್ತು. ನಾ ಹೋಗಿ ಆಫ್ ಮಾಡಿ ಬಂದೆ ಅವರ ಮುಂದ. ಯಾಕ ಚಾಲೂ ಇತ್ತಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಮೋಟಾರ್ ಎತ್ಗೊಂಡ್ ಬರಾಕ ಹೋಗಿದ್ದ ಅಂತಾರಲ್ಲ ಈ ಮಂದಿ, ಚಾಲೂ ಇದ್ದ ಮೋಟಾರ್ ಯಾರರ ಎತ್ತಾಕ ಹೋಗ್ತಾರೇನು? ಇಷ್ಟು ಹೇಳಿದ್ರ ಆಗ್ತಿತ್ತು ನಾನು. ಬಾಯಿ ಬರಲಿಲ್ಲ." ಆಮೇಲೆ ನನ್ನ ಚೀಲದ ಕಡೆ ನೋಡಿ ಅಂದಳು: "ನಿಂದು ಬರೀತೀಯಲ್ಲ. ನಂದೂ ಬರಿ."

ಬರೆದೆ. ನನ್ನ ಬಯಾನನ್ನು ಕಚೇರಿಗಾಗಿ ತೆಲುಗಿನಲ್ಲಿ ಬರೆದೆ. ಅವಳದನ್ನು ಅವಳು ಹೇಳಿದ ಹಾಗೆ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಕೊಟ್ಟೆ. ಇಂಜಿನಿಯರು ಓದಿದರು, ತಿರುಗಿ ಕೊಡಲಿಲ್ಲ.

ವಿಚಾರಣೆ ಇನ್ನೂ ಮುಗಿದಿಲ್ಲ. ಕಾಕಾ ಕೆಲಸ ಬಿಟ್ಟರು. ಬಿಡಿಸಲಿಲ್ಲ, ತಾವೇ ಬಿಟ್ಟರು. ವಿಳಾಸ ಬದಲಿಸುವ ಕೆಲಸದಿಂದ ನನ್ನನ್ನು ತೆಗೆದು ಗದ್ವಾಲದ ಆ ಕೋಣೆಯಲ್ಲಿ ಪರದೆಯ ಮುಂದೆ ಕೂಡಿಸಿದ್ದಾರೆ. ಹನ್ನೊಂದು ಹಸಿರು ಚುಕ್ಕೆಗಳನ್ನು ನೋಡುತ್ತ ಕೂರುವುದು ಈಗ ನನ್ನ ಕೆಲಸ. ಹಸಿರನ್ನು ನಾನು ನಂಬುವುದಿಲ್ಲ. ಪ್ರತಿ ಕಂಬದ ಹತ್ತಿರ ಒಬ್ಬರ ಫೋನ್ ನಂಬರು ಬರೆದಿಟ್ಟುಕೊಂಡಿದ್ದೇನೆ. ಅಮವಾಸ್ಯೆಯ ದಿನ ಹನ್ನೊಂದು ಜನರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ, ಗದ್ವಾಲದಿಂದ ನಾನೇ ಅವರವರ ಕಂಬವನ್ನು ಕೂಗಿಸಿ ಕೇಳುತ್ತೇನೆ. ಕಂಬದ ಗುಂಡಿಯನ್ನು ಯಾರೂ ಮುಟ್ಟಬಾರದೆಂದು ಹೇಳಿದ್ದೇನೆ.

ಆ ಕಂಬದ ಕೀಲಿ ಅವಳ ಹತ್ತಿರ ಇದೆ. ಕೀಲಿ ತಿರುಗಿ ಕೊಡು ಎಂದು ಕಚೇರಿಯವರು ಕೇಳಿದರು, ಅವಳು ಕೊಡಲಿಲ್ಲ. ಮುಚ್ಚಳದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಅವಳೇ ತೊಳೆದಿದ್ದಾಳೆಂದು ಅಲ್ಲಿಗೆ ಈಗ ಹೋಗುವ ಲೈನ್‌ಮನ್ ಹೇಳಿದ. ಚೀಟಿ ಸ್ವಚ್ಛವಾಗಿದೆಯಂತೆ. ಮತ್ತೆ ಏನನ್ನೂ ಹಚ್ಚಿಲ್ಲವಂತೆ.

ಅಮವಾಸ್ಯೆಗೆ ನಾನು ಅವಳಿಗೆ ಕೊನೆಯಲ್ಲಿ ಫೋನ್ ಮಾಡುತ್ತೇನೆ. ಎತ್ತುತ್ತಾಳೆ. ಹಲೋ ಎನ್ನುವುದಿಲ್ಲ. ಹೊಳೆಯ ಗಾಳಿ ಕೇಳಿಸುತ್ತದೆ. ನಾನು ಗುಂಡಿ ಒತ್ತುತ್ತೇನೆ. ಮಾತು ಗದ್ವಾಲದಿಂದ ಹೊರಟು, ಹೊಸ ವಿಳಾಸಕ್ಕೆ ಮುಟ್ಟಿ, ಅಲ್ಲಿಂದ ಚೀಟಿಯ ಸಂಖ್ಯೆಗೆ ದಾಟುವುದಕ್ಕೆ ಒಂದು ಕ್ಷಣ ಹಿಡಿಯುತ್ತದೆ. ಆ ಕ್ಷಣದಲ್ಲಿ ಅವಳ ಉಸಿರು ಕೇಳುತ್ತದೆ. ಆಮೇಲೆ ಕಂಬ ಕೂಗುತ್ತದೆ. ಅವಳು ಫೋನನ್ನು ಅದರ ಕಡೆ ಹಿಡಿದಿರುತ್ತಾಳೆ. ಕೂಗು ಪೂರ್ತಿ ನಿಲ್ಲುವವರೆಗೂ ಹಿಡಿದಿದ್ದು, ಆಮೇಲೆ ಇಡುತ್ತಾಳೆ. ಇಷ್ಟು ಅಮವಾಸ್ಯೆಗಳಲ್ಲಿ ಅವಳು ನನ್ನ ಜೊತೆ ಒಂದು ಮಾತೂ ಆಡಿಲ್ಲ. ಹಾಳೆಯಲ್ಲಿ ಆ ಕಂಬದ ಮುಂದೆ ಗುರುತು ಹಾಕುವುದು ಅವಳು ಫೋನ್ ಇಟ್ಟ ಮೇಲೆಯೇ.